ಚಿಕ್ಕಬೆಟ್ಟದ ಹೆಣ್ಣುಮಕ್ಕಳು

ಶ್ರವಣಬೆಳಗೊಳವೆಂದರೆ ನಮ್ಮಲ್ಲಿ ಬಹುಮಂದಿಗೆ ಒಂದೇ ಬೆಟ್ಟ, ಒಂದೇ ಮೂರ್ತಿ. ದೊಡ್ಡಬೆಟ್ಟವನ್ನು ಏರಿ, ಗೊಮ್ಮಟನ ಪಾದದ ಬಳಿ ತಲೆಯೆತ್ತಿ ನಿಂತು, ಕೆಳಗಿಳಿದು ಎಳನೀರು ಕುಡಿದು ಬಸ್ಸು ಹತ್ತಿದರೆ ಬೆಳಗೊಳ ನೋಡಿದಂತಾಯಿತು. ಶಾಲೆಯ ಪ್ರವಾಸಗಳಂತೂ ಇನ್ನೂ ಅವಸರದವು. ಬೇಲೂರು, ಹಳೇಬೀಡು, ಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಹತ್ತರೊಳಗೆ ಮಕ್ಕಳನ್ನು ಅವರವರ ಮನೆಗೆ ಮುಟ್ಟಿಸಬೇಕು. ಎದುರಿಗಿರುವ ಚಿಕ್ಕಬೆಟ್ಟವನ್ನು ಕೈಯಲ್ಲಿ ತೋರಿಸಿ, “ಅದು ಚಂದ್ರಗಿರಿ, ಚಂದ್ರಗುಪ್ತ ಮೌರ್ಯ ಬಂದಿದ್ದನಂತೆ” ಎಂದು ಹೇಳಿಬಿಟ್ಟರೆ ಅಧ್ಯಾಪಕರ ಕರ್ತವ್ಯ ಮುಗಿಯಿತು.

ಆದರೆ ಬೆಳಗೊಳದ ಇತಿಹಾಸ ಆರಂಭವಾದದ್ದು ಆ ಚಿಕ್ಕಬೆಟ್ಟದಲ್ಲಿ. ದೊಡ್ಡಬೆಟ್ಟದ ಮೇಲೆ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ್ದು 981ರ ಸುಮಾರಿಗೆ. ಅದಕ್ಕೆ ಮುನ್ನೂರೆಂಬತ್ತು ವರ್ಷ ಮೊದಲೇ, ಅಂದರೆ ಸುಮಾರು ಕ್ರಿ.ಶ. 600ರಲ್ಲೇ, ಚಿಕ್ಕಬೆಟ್ಟದ ಬಂಡೆಯ ಮೇಲೆ ಅಕ್ಷರಗಳು ಮೂಡಿದ್ದವು. ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಸಂಪುಟದಲ್ಲಿ 573 ಶಾಸನಗಳಿವೆ. ಇವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಿಕ್ಕಬೆಟ್ಟದಲ್ಲೇ ಇವೆ. ಆ ಸಂಪುಟವನ್ನು ಗ್ರಂಥಾಲಯದಲ್ಲಿ ಕುಳಿತು ಪುಟ ತಿರುವುತ್ತಿದ್ದಾಗ ನನ್ನ ಕಣ್ಣು ಮತ್ತೆ ಮತ್ತೆ ಹೋಗಿ ನಿಂತದ್ದು ಒಂದೇ ಬಗೆಯ ಹೆಸರುಗಳ ಮೇಲೆ: ನಾಗಮತಿ, ಶಶಿಮತಿ, ಸಾವಿಯಬ್ಬೆ, ಪೋಚಿಕಬ್ಬೆ, ಮಾಚಿಕಬ್ಬೆ, ಶಾಂತಿಕಬ್ಬೆ, ಆಚಿಯಕ್ಕ, ಮಂಗಾಯಿ. ಇಷ್ಟೊಂದು ಹೆಣ್ಣುಮಕ್ಕಳ ಹೆಸರನ್ನು ನಾನು ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಯಾವ ಇತಿಹಾಸದ ಪುಸ್ತಕದಲ್ಲೂ ಒಟ್ಟಿಗೆ ಕಂಡಿರಲಿಲ್ಲ.

ಹಾಗಾಗಿ ದಸರಾ ರಜೆಯಲ್ಲಿ ಒಂದು ದಿನ ಅವರನ್ನೆಲ್ಲ ನೋಡಿಕೊಂಡು ಬರುವುದೆಂದು ನಿಶ್ಚಯಿಸಿದೆವು. ನಾವೆಂದರೆ ನಾಲ್ವರು: ನಾನು, ನಮ್ಮ ಶಾಲೆಯ ಹಿಂದಿ ಮೇಡಂ, ನನ್ನ ಅತ್ತಿಗೆ, ಕಾಲೇಜಿನಲ್ಲಿ ಓದುತ್ತಿರುವ ಅವರ ಮಗಳು. ವಿಜಯದಶಮಿ ಕಳೆದು ಎರಡು ದಿನವಾಗಿತ್ತು. ಊರಿಗೆ ಬಂದ ಜನ ಇನ್ನೂ ಮೈಸೂರಿನಲ್ಲೇ ತುಂಬಿದ್ದರು. ಬೆಳಗಿನ ಆರಕ್ಕೆ ಬಾಡಿಗೆ ಕಾರಿನಲ್ಲಿ ಹೊರಟ ನಮಗೆ ಮಾತ್ರ ಊರು ಬಿಟ್ಟೊಡನೆ ರಸ್ತೆ ಖಾಲಿ ಸಿಕ್ಕಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ಕಿಕ್ಕೇರಿ ಹಾದು ಬೆಳಗೊಳಕ್ಕೆ ಸುಮಾರು ಎಂಬತ್ತು ಕಿಲೋಮೀಟರು. ಮಳೆ ಹಿಂದಾಗಿ ಆಕಾಶ ತೊಳೆದಂತಿತ್ತು. ನಾಲೆಯ ಬಯಲಿನಲ್ಲಿ ಭತ್ತ ತೆನೆ ಕಟ್ಟಿತ್ತು, ಬೆದ್ದಲಿನಲ್ಲಿ ರಾಗಿ ಬಾಗಿತ್ತು, ಅದರ ಅಂಚಿಗೆ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು. ಕಿಕ್ಕೇರಿ ಬಂದಾಗ ಹಿಂದಿ ಮೇಡಂ, “ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು ಅಲ್ಲವೇ ಇದು?” ಎಂದರು. ಹೆಂಡತಿಯನ್ನು ಅಷ್ಟು ಮನಸಾರೆ ಹಾಡಿದ ಕವಿಯ ಊರನ್ನು ದಾಟಿ ಹೋಗುವುದು ನಮ್ಮ ಪ್ರಯಾಣಕ್ಕೆ ಒಳ್ಳೆಯ ಶಕುನವೆಂದು ನಗುತ್ತಾ ಮುಂದೆ ಹೋದೆವು.

ಬಂಡೆ ಕಾಯುವ ಮೊದಲೇ ಚಿಕ್ಕಬೆಟ್ಟ ಹತ್ತಬೇಕೆಂದು ನಾನು ಮೊದಲೇ ಹೇಳಿದ್ದೆ. ಎರಡು ಬೆಟ್ಟಕ್ಕೂ ಬರಿಗಾಲಿನಲ್ಲೇ ಹೋಗಬೇಕು. ಅತ್ತಿಗೆಗೆ ಮಂಡಿನೋವು. ಆದರೂ ಕೈಗಂಬಿ ಹಿಡಿದು ನಿಧಾನವಾಗಿ ಹತ್ತಿದರು. ದೊಡ್ಡಬೆಟ್ಟದಂತೆ ಇಲ್ಲಿ ಆರುನೂರು ಚಿಲ್ಲರೆ ಮೆಟ್ಟಿಲಿಲ್ಲ, ಇನ್ನೂರರ ಆಸುಪಾಸು ಅಷ್ಟೆ. ಮೇಲೆ ಹೋಗಿ ಹಿಂದಿರುಗಿ ನೋಡಿದರೆ ಕೆಳಗೆ ಕಲ್ಯಾಣಿ ತುಂಬಿ ನಿಂತಿತ್ತು. ಎದುರು ಬೆಟ್ಟದ ಗೋಡೆಯ ಮೇಲಿಂದ ಗೊಮ್ಮಟನ ಮುಖ, ಭುಜಗಳು ಕಾಣುತ್ತಿದ್ದವು.

ಬಸದಿಗಳ ಒಳಗೆ ಹೋಗುವ ಮೊದಲು ನೆಲದ ಬಂಡೆಯನ್ನು ನೋಡಬೇಕು. ಅಲ್ಲಿ ದೊಡ್ಡ ದೊಡ್ಡ ಹಳಗನ್ನಡ ಅಕ್ಷರಗಳಲ್ಲಿ ಏಳು ಎಂಟನೆಯ ಶತಮಾನಗಳ ನಿಸಿಧಿ ಶಾಸನಗಳಿವೆ. ಈ ಬೆಟ್ಟಕ್ಕೆ ಆಗ ಕಳ್ವಪ್ಪು, ಕಟವಪ್ರ ಎಂದು ಹೆಸರು. ಮುಪ್ಪೋ ರೋಗವೋ ಬಂದು ಬಾಳು ಮುಗಿಯಿತೆಂದು ತಿಳಿದ ಮುನಿಗಳು ಇಲ್ಲಿಗೆ ಬಂದು, ಆಹಾರ ಬಿಟ್ಟು, ಸಲ್ಲೇಖನ ವ್ರತದಿಂದ ದೇಹ ತೊರೆದರು. ಅವರಲ್ಲಿ ಹೆಂಗಸರೂ ಇದ್ದರು. ಅವರನ್ನು ಶಾಸನಗಳು ‘ಗಂತಿಯರ್’ ಎನ್ನುತ್ತವೆ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿ ಮೂರು ತಿಂಗಳು ವ್ರತವಿದ್ದು ಇಲ್ಲಿ ಮುಡಿಪಿದಳೆಂದು ಸುಮಾರು 700ರ ಒಂದು ಶಾಸನ ಹೇಳುತ್ತದೆ. ಶಶಿಮತಿ ಗಂತಿ, ಅನಂತಮತಿ ಗಂತಿ ಎಂಬ ಹೆಸರುಗಳೂ ಇವೆ. ನಾಗಮತಿಗೆ ಶಾಸನ ಬಳಸುವ ಪದ ‘ಶಿಷ್ಯಿತ್ತಿಯರ್’. ಆಕೆ ಇಂಥವನ ಮಗಳು, ಇಂಥವನ ಹೆಂಡತಿ ಎಂದಿಲ್ಲ. ಇಂಥ ಗುರುವಿನ ಶಿಷ್ಯೆ ಎಂದಿದೆ. ಒಬ್ಬ ಹೆಣ್ಣುಮಗಳನ್ನು ಆಕೆ ಕಲಿತ ವಿದ್ಯೆಯಿಂದ ಗುರುತಿಸಿದ ಆ ಪದವನ್ನು ಓದಿದಾಗ ಟೀಚರಾದ ನನಗೆ ಬಹಳ ಸಂತೋಷವಾಯಿತು.

ತೇರಿನ ಬಸದಿಯ ಹತ್ತಿರ ಒಂದು ವೀರಗಲ್ಲಿದೆ. ಕಾಲ ಸುಮಾರು 950. ಅದರಲ್ಲಿ ಕುದುರೆ ಏರಿದ ಹೆಂಗಸೊಬ್ಬಳು ಕತ್ತಿಯೆತ್ತಿ, ಆನೆಯ ಮೇಲೆ ಕುಳಿತವನನ್ನು ಎದುರಿಸಿದ್ದಾಳೆ. ಆಕೆಯೇ ಸಾವಿಯಬ್ಬೆ. ಗಂಡ ಲೋಕವಿದ್ಯಾಧರನ ಜೊತೆಗೆ ಯುದ್ಧಕ್ಕೆ ಹೋಗಿ, ಬಗೆಯೂರಿನ ಕಾಳಗದಲ್ಲಿ ಹೋರಾಡಿ ಮಡಿದಳು. ಕೆತ್ತಿದವನು ಆಕೆಯನ್ನು ಸೀತೆಗೆ, ಅರುಂಧತಿಗೆ ಹೋಲಿಸಿ, ಜಿನಭಕ್ತೆಯೆಂದೂ ಹೊಗಳಿದ್ದಾನೆ. ಸೀತೆಗೆ ಹೋಲಿಕೆಯಾದವಳ ಕೈಯಲ್ಲಿ ಕತ್ತಿ! ನಮ್ಮ ಕಾಲದ ಕ್ಯಾಲೆಂಡರಿನ ಸೀತೆಯನ್ನು ನೋಡಿ ಬೆಳೆದ ನಮಗೆ ಇದು ಸೋಜಿಗವೇ. ನನ್ನ ಸೊಸೆ, ಅಂದರೆ ಅಣ್ಣನ ಮಗಳು, ಆ ಕಲ್ಲಿನ ಮುಂದೆ ಬಹಳ ಹೊತ್ತು ಕುಳಿತಳು. “ಅತ್ತೆ, ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ ಇಬ್ಬರನ್ನೇ ಹೇಳಿಕೊಟ್ಟಿರಿ. ಇವಳು ಅವರಿಗಿಂತ ಎಂಟುನೂರು ವರ್ಷ ಹಿರಿಯಳು” ಎಂದಳು. ಪಠ್ಯಪುಸ್ತಕವನ್ನು ನಾನು ಬರೆಯುವುದಿಲ್ಲವಮ್ಮ ಎಂದೆ. ಆದರೂ ಅವಳ ಮಾತು ಸರಿಯೇ.

ಆ ತೇರಿನ ಬಸದಿಯ ಮುಂದಿರುವ ಕಲ್ಲಿನ ತೇರಿಗೂ ಒಂದು ಕಥೆಯಿದೆ. ವಿಷ್ಣುವರ್ಧನನ ಕಾಲದಲ್ಲಿ ಪೊಯ್ಸಳಸೆಟ್ಟಿ, ನೇಮಿಸೆಟ್ಟಿ ಎಂಬ ಇಬ್ಬರು ರಾಜಶ್ರೇಷ್ಠಿಗಳಿದ್ದರು. ಆ ಸೆಟ್ಟರ ತಾಯಂದಿರು ಮಾಚಿಕಬ್ಬೆ ಮತ್ತು ಶಾಂತಿಕಬ್ಬೆ. ಬಸದಿಯನ್ನೂ ತೇರಿನಾಕಾರದ ಆ ಮಂದರವನ್ನೂ 1117ರಲ್ಲಿ ಮಾಡಿಸಿದವರು ಈ ಇಬ್ಬರು ಮುದುಕಿಯರು. ದುಡಿದವರು ಗಂಡುಮಕ್ಕಳಿರಬಹುದು. ದುಡ್ಡು ಎಲ್ಲಿಗೆ ಹೋಗಬೇಕೆಂದು ಹೇಳಿದವರು ಅಮ್ಮಂದಿರು. ಇಬ್ಬರು ಬೀಗಿತ್ತಿಯರೋ, ನೆರೆಹೊರೆಯವರೋ, ಸಂಜೆ ಜಗಲಿಯ ಮೇಲೆ ಕುಳಿತು, “ನಾವಿಬ್ಬರೂ ಸೇರಿ ಏನಾದರೂ ಮಾಡೋಣವೇ?” ಎಂದು ಮಾತಾಡಿಕೊಂಡ ಚಿತ್ರ ನನ್ನ ಮನಸ್ಸಿಗೆ ಬಂತು. ಇದು ನನ್ನ ಕಲ್ಪನೆ. ಕಲ್ಲಿನಲ್ಲಿರುವುದು ಅವರ ಹೆಸರು ಮಾತ್ರ.

ಅಲ್ಲಿಂದ ಕತ್ತಲೆ ಬಸದಿ. ಹೆಸರಿಗೆ ತಕ್ಕಂತೆ ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವವರೆಗೂ ಆದಿನಾಥನ ಮೂರ್ತಿ ಕಾಣುವುದಿಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಇದನ್ನು 1118ರಲ್ಲಿ ತನ್ನ ತಾಯಿ ಪೋಚಿಕಬ್ಬೆಗಾಗಿ ಕಟ್ಟಿಸಿದ. ಚೋಳರಿಂದ ತಲಕಾಡನ್ನು ಗೆದ್ದುಕೊಟ್ಟ ಸೇನಾನಿ ಈತನೇ. ಅಂಥವನು ತಾಯಿಯ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿದ. ಕಾಲ ಕಳೆದಂತೆ ಬಸದಿಯ ಮುಂಭಾಗ ಹಾಳಾದಾಗ ಅದನ್ನು ಸರಿಪಡಿಸಿದವರು ನಮ್ಮ ಮೈಸೂರು ಅರಮನೆಯ ಇಬ್ಬರು ಸ್ತ್ರೀಯರು, ದೇವೀರಮ್ಮಣ್ಣಿ ಮತ್ತು ಕೆಂಪಮ್ಮಣ್ಣಿ. ಒಬ್ಬ ತಾಯಿಗಾಗಿ ಎದ್ದ ಗುಡಿಯನ್ನು ಏಳು ಶತಮಾನಗಳ ನಂತರ ಇಬ್ಬರು ಹೆಂಗಸರು ಉಳಿಸಿಕೊಂಡರು.

ಅದೇ ಗಂಗರಾಜನ ಹೆಂಡತಿ ಲಕ್ಷ್ಮಿ. ಗಂಡ ಅತ್ತೆಗಾಗಿ ಬಸದಿ ಕಟ್ಟಿಸಿದ ವರ್ಷವೇ ಈಕೆ ತಾನೇ ಒಂದು ಬಸದಿಯನ್ನು ಕಟ್ಟಿಸಿದಳು. ಎರಡು ಕಡೆಯಿಂದ ಮೆಟ್ಟಿಲಿರುವುದರಿಂದ ಅದಕ್ಕೆ ಎರಡುಕಟ್ಟೆ ಬಸದಿಯೆಂದು ಹೆಸರು. ಮೂರೇ ವರ್ಷಗಳಲ್ಲಿ, 1121ರಲ್ಲಿ, ಆಕೆ ಸಮಾಧಿಮರಣ ಹೊಂದಿದಳು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆಯನ್ನು ಮೀರಿಸಿದವರಿಲ್ಲವೆಂದು ಹೊಗಳಿ ಗಂಡನೇ ನಿಸಿಧಿ ನಿಲ್ಲಿಸಿದ. ಹಸಿದವರಿಗೆ ಊಟ, ಹೆದರಿದವರಿಗೆ ಆಸರೆ, ರೋಗಿಗೆ ಮದ್ದು, ಓದುವವರಿಗೆ ಗ್ರಂಥ. ಸಂಸಾರಸ್ಥರು ಮಾಡಬೇಕಾದ ಸಮಾಜಸೇವೆಯೆಲ್ಲ ಈ ನಾಲ್ಕರಲ್ಲಿ ಬಂತಲ್ಲವೇ?

ಶಾಂತಲೆಯ ಬಸದಿಯನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೆವು. ಆಕೆ ನಿಮಗೆಲ್ಲ ಗೊತ್ತಿರುವವಳೇ. ಕೆ.ವಿ. ಅಯ್ಯರ್ ಮತ್ತು ಸಿ.ಕೆ. ನಾಗರಾಜರಾವ್ ಅವರ ಕಾದಂಬರಿಗಳಲ್ಲಿ ಓದಿದ್ದೇವೆ. ಬೇಲೂರಿನ ಗೈಡುಗಳು ಮದನಿಕೆಯರನ್ನೆಲ್ಲ ತೋರಿಸಿ ಆಕೆಯ ನೃತ್ಯವನ್ನು ವರ್ಣಿಸುತ್ತಾರೆ. ಚಿಕ್ಕಬೆಟ್ಟದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಶಾಂತಿನಾಥ ಬಸದಿಗೆ ಆಕೆಯ ಬಿರುದೇ ಹೆಸರಾಗಿದೆ: ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದ್ದಾನೆ ಎಂದು ಅರ್ಥ. ದೇವರ ಮನೆಗೆ ಇಂಥ ಹೆಸರೇ ಎಂದು ಹಿಂದಿ ಮೇಡಂ ನಕ್ಕರು. ನಗುವಂಥದ್ದು ಹೌದು. ಆದರೆ ಸ್ವಲ್ಪ ಯೋಚಿಸಿದರೆ ನಗು ನಿಲ್ಲುತ್ತದೆ. ಸಂಗೀತ, ನೃತ್ಯ, ಬುದ್ಧಿ, ದಾನ ಎಲ್ಲದರಲ್ಲೂ ಹೊಗಳಿಸಿಕೊಂಡ ಪಟ್ಟದ ರಾಣಿಗೂ ಅಂತಃಪುರದಲ್ಲಿ ತನ್ನ ಸ್ಥಾನವನ್ನು ಆನೆಯಂತೆ ಕಾಯಬೇಕಾಗಿತ್ತು. ಆ ಕಷ್ಟವನ್ನು ಯಾರೂ ಬಿಡಿಸಿ ಬರೆಯಲಿಲ್ಲ. ಬಿರುದಿನಲ್ಲಿ ಅದು ತಾನಾಗಿ ಹೇಳಿಕೊಂಡಿದೆ.

ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಗಂಡ ವೈಷ್ಣವನಾದನೆಂದು ಪ್ರತೀತಿ. ಆಕೆ ತಾಯಿಯ ಧರ್ಮವನ್ನು ಉಳಿಸಿಕೊಂಡಳು. ಜೊತೆಗೆ ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಕ್ಕಳಿಲ್ಲದ ಕೊರಗಿನಿಂದ ಅಲ್ಲಿನ ಬೆಟ್ಟದಿಂದ ಹಾರಿದಳೆಂದು ಜನ ಹೇಳುತ್ತಾರೆ, ಜಾಗವನ್ನೂ ತೋರಿಸುತ್ತಾರೆ. ಶಾಸನದಲ್ಲಿ ಹಾರಿದ ಮಾತಿಲ್ಲ. ಶಿವಗಂಗೆಯ ತೀರ್ಥದಲ್ಲಿ ಆಕೆ ಕೊನೆಯುಸಿರೆಳೆದಳೆಂದಷ್ಟೇ ಇದೆ. ಮುಂದೆ ಅದೇ ಶಾಸನ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಮಗಳು ಹೋದ ಸುದ್ದಿ ಕೇಳಿ, ತಾನಿನ್ನು ಉಳಿಯಲಾರೆನೆಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದಳು. ಗುರುಗಳ ಎದುರಿನಲ್ಲಿ ವ್ರತ ತೊಟ್ಟು, ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳು.

ನಾನು ಇದನ್ನು ಹೇಳಿ ಮುಗಿಸಿದಾಗ ಸೊಸೆ ಕೇಳಿದಳು: “ಅವಳನ್ನು ಯಾರೂ ತಡೆಯಲಿಲ್ಲವೇ ಅತ್ತೆ? ಇದು ಆತ್ಮಹತ್ಯೆ ಅಲ್ಲವೇ?”

ಇದು ಅವಳೊಬ್ಬಳ ಪ್ರಶ್ನೆಯಲ್ಲ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯೆಂದೇ ಪರಿಗಣಿಸಬೇಕೆಂದು ತೀರ್ಪು ಕೊಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಜೈನರ ದೃಷ್ಟಿಯಲ್ಲಿ ಆತ್ಮಹತ್ಯೆಯೆಂದರೆ ರಾಗದ್ವೇಷದ ಉದ್ವೇಗದಲ್ಲಿ ಮಾಡಿಕೊಳ್ಳುವುದು. ಸಲ್ಲೇಖನವೆಂದರೆ ಎಲ್ಲವನ್ನೂ ಬಿಟ್ಟು, ಎಲ್ಲರನ್ನೂ ಕ್ಷಮಿಸಿ, ಗುರುವಿನ ಅನುಮತಿ ಪಡೆದು, ಸಮಚಿತ್ತದಿಂದ ಸಾವನ್ನು ಎದುರುಗೊಳ್ಳುವುದು. ನಾನು ಅವಳಿಗೆ ಇದನ್ನೆಲ್ಲ ವಿವರಿಸಿದೆ. ಅವಳು, “ಆದರೆ ಮಾಚಿಕಬ್ಬೆಗೆ ಇದ್ದದ್ದು ದುಃಖ. ಸಮಚಿತ್ತ ಅಲ್ಲ” ಎಂದಳು. ನನ್ನ ಬಳಿ ತಕ್ಷಣಕ್ಕೆ ಉತ್ತರವಿರಲಿಲ್ಲ.

ಅಷ್ಟುಹೊತ್ತು ಸುಮ್ಮನೆ ಮಂಡಿ ಒತ್ತಿಕೊಳ್ಳುತ್ತಾ ಕುಳಿತಿದ್ದ ಅತ್ತಿಗೆ ಮಾತಾಡಿದರು. “ಬದುಕಿ ಸಾಕು ಅನ್ನಿಸಿ ಊಟ ಬಿಡುವುದು ಬೇರೆ, ಊಟವೇ ನಮ್ಮನ್ನು ಬಿಡುವುದು ಬೇರೆ. ಮಗಳು ಹೋದ ಮೇಲೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆಗ ಯಾರಾದರೂ ಕೈಹಿಡಿದು ಪಕ್ಕದಲ್ಲಿ ಕೂರಬೇಕು. ಅವಳ ಪಕ್ಕದಲ್ಲಿ ಗುರುಗಳಾದರೂ ಕೂತಿದ್ದರಲ್ಲ.”

ಸೊಸೆಗೆ ಒಬ್ಬಳು ಅಕ್ಕ ಇದ್ದಳು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಐದೇ ದಿನದಲ್ಲಿ ಹೋದಳು. ಸೊಸೆ ಆಗ ಇನ್ನೂ ಹುಟ್ಟಿರಲಿಲ್ಲ. ಆ ವರ್ಷವೆಲ್ಲ ಅತ್ತಿಗೆಗೆ ತುತ್ತು ಮಾಡಿ ತಿನ್ನಿಸಿದವರು ನಮ್ಮ ಅಮ್ಮ. ಮನೆಯಲ್ಲಿ ನಾವು ಆ ಮಗುವಿನ ಹೆಸರನ್ನು ಎತ್ತುವುದಿಲ್ಲ. ಅತ್ತಿಗೆಗೆ ನೋವಾಗುತ್ತದೆಂದು ನಾವು, ನಮಗೆ ನೋವಾಗುತ್ತದೆಂದು ಅತ್ತಿಗೆ. ಆ ದಿನ ಬಸದಿಯ ಜಗಲಿಯ ಮೇಲೆ ಅತ್ತಿಗೆ ತಾವಾಗಿಯೇ ಆ ಹೆಸರು ಹೇಳಿದರು. ಅವಳಿಗೆ ಏನು ಇಷ್ಟವಿತ್ತು, ಜಡೆ ಎಷ್ಟು ಉದ್ದವಿತ್ತು ಎಂದು ಮಗಳಿಗೆ ಹೇಳಿದರು. ಸೊಸೆ ತಾಯಿಯ ಕೈಹಿಡಿದುಕೊಂಡು ಕೇಳಿದಳು. ಒಂಬೈನೂರು ವರ್ಷದ ಹಿಂದಿನ ಒಬ್ಬ ತಾಯಿಯ ಹೆಸರು ಕಲ್ಲಿನಲ್ಲಿ ಉಳಿದಿದ್ದರಿಂದ ನಮ್ಮ ಮನೆಯ ಮಗುವಿನ ಹೆಸರು ಮತ್ತೆ ಬಾಯಿಗೆ ಬಂತು.

ಕೆಳಗಿಳಿದು, ಮರದ ನೆರಳಿನಲ್ಲಿ ಕುಳಿತು, ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಮೊಸರನ್ನ ಊಟ ಮಾಡಿ ಊರೊಳಗಿನ ಬಸದಿಗಳಿಗೆ ಹೋದೆವು. ಅಕ್ಕನ ಬಸದಿ ಅವುಗಳಲ್ಲಿ ತೀರ ಚೆಲುವಾದದ್ದು. ತಿರುಗಣಿಯಲ್ಲಿ ಕಡೆದ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಕಟ್ಟಿಸಿದ್ದು 1181ರಲ್ಲಿ, ಆಚಿಯಕ್ಕ. ಆಕೆಯ ಗಂಡ ಚಂದ್ರಮೌಳಿ ಇಮ್ಮಡಿ ಬಲ್ಲಾಳನ ಮಂತ್ರಿ, ಶೈವ ಬ್ರಾಹ್ಮಣ. ಹೆಂಡತಿ ಜಿನಭಕ್ತೆ. ಆಕೆ ಕಟ್ಟಿಸಿದ ಬಸದಿಗಾಗಿ ಗಂಡನೇ ರಾಜನನ್ನು ಕೇಳಿ ಒಂದು ಹಳ್ಳಿಯನ್ನು ದತ್ತಿ ಬಿಡಿಸಿದ. ಪಾರ್ಶ್ವನಾಥನ ಬಸದಿಗೆ ಊರು ಇಟ್ಟ ಹೆಸರು ಮಾತ್ರ ‘ಅಕ್ಕನ ಬಸದಿ’. ತೀರ್ಥಂಕರನಿಗಿಂತ ಅಕ್ಕನೇ ಜನರಿಗೆ ಹತ್ತಿರವಾದಳು. ಮದುವೆಯಾದ ಮೇಲೆ ಮನೆದೇವರೂ ಬದಲಾಗಬೇಕೆಂದು ನಂಬಿದ ಮನೆಗಳಲ್ಲಿ ಬಾಳಿದ ನಮ್ಮಂಥವರಿಗೆ ಈ ದಂಪತಿಗಳ ಬಗ್ಗೆ ತುಸು ಅಸೂಯೆಯಾದರೆ ತಪ್ಪೇನು?

ಮಂಗಾಯಿ ಬಸದಿಯಲ್ಲಿ ಅಷ್ಟು ಕೆತ್ತನೆಯಿಲ್ಲ. ಸುಮಾರು 1325ರಲ್ಲಿ ಅದನ್ನು ಕಟ್ಟಿಸಿದ ಮಂಗಾಯಿ ರಾಣಿಯೂ ಅಲ್ಲ, ಮಂತ್ರಿಯ ಹೆಂಡತಿಯೂ ಅಲ್ಲ. ಆಕೆ ನರ್ತಕಿ. ‘ರಾಯಪಾತ್ರಚೂಡಾಮಣಿ’ ಎಂಬುದು ಆಕೆಯ ಬಿರುದು. ಅಭಿನವ ಚಾರುಕೀರ್ತಿ ಪಂಡಿತಾಚಾರ್ಯರ ಶಿಷ್ಯೆ. ಮುಂದೆ ವಿಜಯನಗರದ ದೇವರಾಯನ ರಾಣಿ ಭೀಮಾದೇವಿ ಇದೇ ಬಸದಿಯಲ್ಲಿ ಶಾಂತಿನಾಥನ ಮೂರ್ತಿಯನ್ನು ಪ್ರತಿಷ್ಠೆ ಮಾಡಿಸಿದಳು. ನರ್ತಕಿ ಕಟ್ಟಿಸಿದ ಗುಡಿಗೆ ರಾಣಿ ಮೂರ್ತಿ ಕೊಟ್ಟಳು. ಇಬ್ಬರ ಹೆಸರೂ ಅಕ್ಕಪಕ್ಕದಲ್ಲಿವೆ.

ಬಿಸಿಲು ಇಳಿದ ಮೇಲೆ ದೊಡ್ಡಬೆಟ್ಟ. ಅತ್ತಿಗೆ ಡೋಲಿಯಲ್ಲಿ, ನಾವು ಮೂವರು ಕಾಲ್ನಡಿಗೆಯಲ್ಲಿ. ಐವತ್ತೆಂಟು ಅಡಿಯ ಆ ಮಂದಹಾಸದ ಮುಂದೆ ಯಾರಿಗಾದರೂ ಮಾತು ನಿಲ್ಲುತ್ತದೆ. ಅದನ್ನು ವರ್ಣಿಸಲು ನಾನು ಹೋಗುವುದಿಲ್ಲ. ಆದರೆ ಅಲ್ಲಿಯೂ ಒಬ್ಬ ಅಜ್ಜಿ ಇದ್ದಾಳೆ, ಮರೆಯಬೇಡಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅದು ತೊಡೆಯಿಂದ ಕೆಳಗಿಳಿಯದಿದ್ದಾಗ, ಗುಳ್ಳಕಾಯಿಯಲ್ಲಿ ಹಾಲು ತಂದ ಮುದುಕಿಯಿಂದ ಅಭಿಷೇಕ ಪೂರ್ತಿಯಾಯಿತೆಂದು ಕಥೆ. ಗೊಮ್ಮಟನ ಎದುರಿಗೆ, ಹೊರಗೆ, ಗುಳ್ಳಕಾಯಜ್ಜಿ ಇಂದೂ ಕೈಯಲ್ಲಿ ಕಾಯಿ ಹಿಡಿದು ನಿಂತಿದ್ದಾಳೆ. ಇದು ಇತಿಹಾಸವಲ್ಲ, ಐತಿಹ್ಯ. ಆದರೆ ಇಂಥ ಐತಿಹ್ಯ ಹುಟ್ಟಲು ಹೆಂಗಸರ ಕೈಯಿಂದ ಇಷ್ಟು ಕೆಲಸ ನಡೆದ ಊರೇ ಬೇಕಾಗಿತ್ತೇನೋ.

ಹಿಂದಿರುಗುವಾಗ ನನಗೆ ನಮ್ಮ ಮನೆಯ ಹಳೆಯ ಪತ್ರಗಳು ನೆನಪಾದವು. ಅಮ್ಮ ತೀರಿಕೊಂಡ ಮೇಲೆ ಪೆಟ್ಟಿಗೆಯಿಂದ ತೆಗೆದು ನೋಡಿದ್ದೆ. ಅಮ್ಮನ ಹೆಸರಿರುವ ಕಡೆಯಲ್ಲೆಲ್ಲ ಮುಂದೆ ‘ಕೋಂ’ ಎಂದು ಬರೆದು ಅಪ್ಪನ ಹೆಸರಿತ್ತು. ಆ ಹೆಸರೂ ಮದುವೆಯಲ್ಲಿ ಗಂಡನ ಮನೆಯವರು ಅಕ್ಕಿಯ ಮೇಲೆ ಬರೆಸಿದ ಹೊಸ ಹೆಸರು. ತವರಿನಲ್ಲಿ ಕರೆಯುತ್ತಿದ್ದ ಹೆಸರು ಒಂದು ಪತ್ರದಲ್ಲೂ ಇಲ್ಲ. ಅಮ್ಮನ ಅಮ್ಮನ ಹೆಸರು ನನಗೆ ಗೊತ್ತು, ಆಕೆಯ ತಾಯಿಯ ಹೆಸರು ಗೊತ್ತಿಲ್ಲ. ಅದನ್ನು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಅಪ್ಪನ ಕಡೆಯಲ್ಲಿ ಶ್ರಾದ್ಧದ ಪುಣ್ಯದಿಂದ ಮೂರು ತಲೆಮಾರಿನ ಗಂಡಸರ ಹೆಸರು ಬಾಯಿಪಾಠವಾಗಿ ಬರುತ್ತದೆ. ಹನ್ನೆರಡನೆಯ ಶತಮಾನದ ಇಬ್ಬರು ಸೆಟ್ಟರ ತಾಯಂದಿರನ್ನು ನಾನು ಬಲ್ಲೆ, ನನ್ನ ಮುತ್ತಜ್ಜಿಯನ್ನು ಅರಿಯೆ.

ಕಲ್ಲಿನಲ್ಲಿ ಹೆಸರು ಕೆತ್ತಿಸಲು ಹಣವಿರಬೇಕು, ಸ್ಥಾನವಿರಬೇಕು, ನಿಜ. ಚಿಕ್ಕಬೆಟ್ಟದಲ್ಲಿ ಕಲ್ಲು ಹೊತ್ತ ಹೆಣ್ಣಾಳುಗಳ ಹೆಸರು ಯಾವ ಶಾಸನದಲ್ಲೂ ಇಲ್ಲ. ಆದರೆ ಕಾಗದಕ್ಕೆ ಅಷ್ಟು ಹಣ ಬೇಕಿಲ್ಲ. ರಜೆ ಮುಗಿದು ಶಾಲೆ ತೆರೆದ ದಿನ ನಾನು ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಮನೆಕೆಲಸ ಕೊಟ್ಟೆ: ಅಮ್ಮ, ಅಮ್ಮನ ಅಮ್ಮ, ಅವರ ಅಮ್ಮ, ಹೀಗೆ ಎಷ್ಟು ದೂರ ಹೋಗಬಲ್ಲಿರೋ ಅಷ್ಟು ಹೆಸರು ಬರೆದು ತನ್ನಿ, ಒಬ್ಬೊಬ್ಬರ ಬಗ್ಗೆ ಒಂದೊಂದು ವಾಕ್ಯವನ್ನೂ ಬರೆಯಿರಿ. ನಾಲ್ಕನೆಯ ಹೆಸರು ತಂದವರು ಬೆರಳೆಣಿಕೆಯಷ್ಟೇ. ಒಬ್ಬ ಹುಡುಗ ಮಾತ್ರ ಐದು ಹೆಸರು ತಂದಿದ್ದ. ಹಳ್ಳಿಯಲ್ಲಿರುವ ಅಜ್ಜಿಗೆ ಫೋನು ಮಾಡಿ ಕೇಳಿದನಂತೆ. ಐದನೆಯ ಹೆಸರಿನ ಮುಂದೆ ಅವನು ಬರೆದಿದ್ದ ವಾಕ್ಯ ಇಷ್ಟು: “ಇವರು ಸೂಲಗಿತ್ತಿ, ನಮ್ಮೂರಿನ ಅರ್ಧ ಜನ ಇವರ ಕೈಯಲ್ಲೇ ಹುಟ್ಟಿದ್ದು.”